ಒಂದೆಲಗ: ತಳಮಳಕ್ಕೆ, ನಿದ್ದೆಗೆ ಬಳಸುವುದು ಹೇಗೆ, ಎಷ್ಟು, ಎಲ್ಲಿಯವರೆಗೆ

ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟದ ಉದಿಯ (ಬಸಿಗಾಲುವೆಯ) ಅಂಚಿನಲ್ಲಿ, ಕುಮಟಾ, ಅಂಕೋಲಾ ಕಡೆ ಬಾವಿಕಟ್ಟೆಯ ನೀರು ಹರಿದುಹೋಗುವ ಜಾಗದಲ್ಲಿ ನೆಲಕ್ಕೆ ಅಂಟಿಕೊಂಡು ಹರಡುವ ಒಂದೆಲಗ ಯಾರಿಗೂ ಹೊಸದಲ್ಲ. ಕೆಲವರು ಉರಗೆ ಅನ್ನುತ್ತಾರೆ, ಕೊಂಕಣಿಯವರಿಗೆ ಅದು ಏಕಪಾನಿ, ದಕ್ಷಿಣ ಕನ್ನಡಕ್ಕೆ ಹೋದರೆ ತಿಮರೆ. ಮಕ್ಕಳ ನೆನಪಿನ ಶಕ್ತಿಗೆಂದು ತಂಬುಳಿ ಮಾಡುವುದು ಒಂದು ರೂಢಿ. ಮನಸ್ಸಿಗೆ ತಳಮಳವಾದಾಗ, ರಾತ್ರಿ ನಿದ್ದೆ ಹತ್ತದಿದ್ದಾಗ ಎಣ್ಣೆ ಕಾಯಿಸಿ ನೆತ್ತಿಗೆ ಇಡುವುದು ಇನ್ನೊಂದು ರೂಢಿ.

ಬಳಸುವ ಮೊದಲು ಒಂದು ಮಾತು ತಿಳಿದಿರಲಿ. ಒಂದೆಲಗ ನಿದ್ದೆ ಮಾತ್ರೆಯಲ್ಲ. ರಾತ್ರಿ ತಿಂದು ಅರ್ಧ ಗಂಟೆಯಲ್ಲಿ ಕಣ್ಣು ಮುಚ್ಚಿಸುವ ಗುಣ ಅದಕ್ಕಿಲ್ಲ. ಇದು ಊಟದ ಜೊತೆ ಹಿತಮಿತವಾಗಿ, ಕೆಲವು ವಾರ ಬಳಸಿ ಫಲ ನೋಡಬೇಕಾದ ಸೊಪ್ಪು. 2000ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 40 ಆರೋಗ್ಯವಂತರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದೇ ಸಲಕ್ಕೆ 12 ಗ್ರಾಂ ಒಂದೆಲಗ, ಇನ್ನೊಂದಕ್ಕೆ ಹುಸಿ ಔಷಧ ಕೊಟ್ಟಿದ್ದರು. ಒಂದೆಲಗ ತೆಗೆದುಕೊಂಡವರು 30 ನಿಮಿಷ ಮತ್ತು 60 ನಿಮಿಷದ ನಂತರ ದೊಡ್ಡ ಸದ್ದಿಗೆ ಬೆಚ್ಚಿಬೀಳುವುದು ಕಡಿಮೆಯಾಗಿತ್ತು. ಸೊಪ್ಪಿಗೆ ಮನಸ್ಸನ್ನು ಹದಕ್ಕೆ ತರುವ ಗುಣ ಇದ್ದೀತು ಎಂಬುದಕ್ಕೆ ಇದು ಆಧಾರ. ಆದರೆ ವರ್ಷಗಟ್ಟಲೆ ನಿದ್ದೆಗೆಟ್ಟವರಿಗೆ ಇದೊಂದೇ ಸಾಕು ಎಂದು ಇದರಿಂದ ಸಿದ್ಧವಾಗುವುದಿಲ್ಲ.

ಮೊದಲು ಗುರುತು ಸರಿಯಾಗಲಿ

ಬ್ರಾಹ್ಮಿ ಎಂಬ ಹೆಸರಿನಲ್ಲೇ ಅರ್ಧ ಗೊಂದಲ ಇದೆ. ನಮ್ಮಲ್ಲಿ ಬಹಳ ಮಂದಿ ಒಂದೆಲಗಕ್ಕೆ ಬ್ರಾಹ್ಮಿ ಎನ್ನುತ್ತಾರೆ. ಕೇರಳದವರಿಗೆ ಬ್ರಾಹ್ಮಿ ಎಂದರೆ ಬೇರೆ ಗಿಡ, ನಾವು ನೀರುಬ್ರಾಹ್ಮಿ ಎನ್ನುವುದು. ಆಯುರ್ವೇದದ ಗ್ರಂಥಗಳಲ್ಲಿ ಒಂದೆಲಗಕ್ಕೆ ಮಂಡೂಕಪರ್ಣಿ ಎಂದು ಹೆಸರು. ಚರಕ ಸಂಹಿತೆ ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ, ಅಂದರೆ ಬುದ್ಧಿಗೆ, ನೆನಪಿಗೆ ಹಿತವಾದ ಔಷಧಗಳಲ್ಲಿ, ಮೊದಲನೆಯದು ಮಂಡೂಕಪರ್ಣಿಯ ರಸ. ಉಳಿದ ಮೂರು ಜ್ಯೇಷ್ಠಮಧುವಿನ ಪುಡಿ, ಅಮೃತಬಳ್ಳಿಯ ರಸ ಮತ್ತು ಶಂಖಪುಷ್ಪಿಯ ಕಲ್ಕ (ಅರೆದ ಮುದ್ದೆ). ಅಂಗಡಿಯಲ್ಲಿ ಬ್ರಾಹ್ಮಿ ಪುಡಿ ಕೊಳ್ಳುವಾಗ ಡಬ್ಬಿಯ ಮೇಲೆ ಸಸ್ಯಶಾಸ್ತ್ರದ ಹೆಸರು ನೋಡಿ. ಸೆಂಟೆಲ್ಲಾ ಏಷ್ಯಾಟಿಕಾ ಎಂದಿದ್ದರೆ ಒಂದೆಲಗ, ಬಕೋಪಾ ಮೊನ್ನಿಯೇರಿ ಎಂದಿದ್ದರೆ ನೀರುಬ್ರಾಹ್ಮಿ. ಎರಡರ ಪ್ರಮಾಣವೂ ಬೇರೆ, ಗುಣವೂ ಬೇರೆ. ನೀರುಬ್ರಾಹ್ಮಿ ಖಾಲಿ ಹೊಟ್ಟೆಗೆ ಹೋದರೆ ಹಲವರಿಗೆ ಹೊಟ್ಟೆ ತೊಳೆಸುತ್ತದೆ.

ಒಂದೆಲಗದ ಎಲೆ ಮೂತ್ರಪಿಂಡದ ಆಕಾರದ್ದು, ಅಗಲ ಸಾಮಾನ್ಯವಾಗಿ 2ರಿಂದ 5 ಸೆಂಟಿಮೀಟರ್. ಅಂಚು ನಯವಾಗಿ ಗುಂಡು ಹಲ್ಲು ಹಲ್ಲಾಗಿರುತ್ತದೆ. ಎಲೆಯ ಸೀಳು ಇರುವಲ್ಲೇ ತೊಟ್ಟು ಸೇರುತ್ತದೆ, ಅಲ್ಲಿಂದ ನರಗಳು ಬೆರಳು ಬಿಡಿಸಿದಂತೆ ಹರಡುತ್ತವೆ. ಒಂದು ತೊಟ್ಟಿಗೆ ಒಂದೇ ಎಲೆ. ಬಳ್ಳಿ ನೆಲದ ಮೇಲೆ ಓಡುತ್ತ ಗಂಟು ಗಂಟಿಗೆ ಬೇರು ಬಿಡುತ್ತದೆ. ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿದರೆ ಕೊತ್ತಂಬರಿಯ ನೆಂಟಸ್ತಿಕೆ ಗೊತ್ತಾಗುತ್ತದೆ. ಎರಡೂ ಒಂದೇ ಕುಟುಂಬದವು. ರುಚಿ ಒಗರು, ಕೊನೆಗೆ ಸಣ್ಣ ಕಹಿ.

ಗದ್ದೆಬದುವಿನಲ್ಲಿ ಬೆಳೆಯುವ ಇಲಿಕಿವಿ ಸೊಪ್ಪು ದೂರದಿಂದ ಹೀಗೇ ಕಾಣುತ್ತದೆ. ಆದರೆ ಅದರಲ್ಲಿ ಹಳದಿ ಬಣ್ಣದ, ಗಂಟೆಯಂಥ ಹೂ ಬಿಡುತ್ತದೆ. ಒಂದೆಲಗದ ಹೂ ಎಲೆಯ ಬುಡದಲ್ಲಿ ಅಡಗಿರುವ, ನಸುಗೆಂಪಿನ, ಕಣ್ಣಿಗೆ ಬೀಳದಷ್ಟು ಸಣ್ಣ ಗೊಂಚಲು. ಅಲಂಕಾರಕ್ಕೆಂದು ತೊಟ್ಟಿಯಲ್ಲಿ ಬೆಳೆಸುವ ಇನ್ನೊಂದು ಗಿಡದಲ್ಲಿ ಎಲೆ ಪೂರ್ತಿ ದುಂಡಗೆ ಕೊಡೆಯಂತಿದ್ದು, ತೊಟ್ಟು ಎಲೆಯ ನಡುವಿಗೇ ಬಂದು ಕೂಡುತ್ತದೆ. ಅದು ಒಂದೆಲಗ ಅಲ್ಲ. ನೀರುಬ್ರಾಹ್ಮಿಯಲ್ಲಂತೂ ತಪ್ಪುವ ಮಾತೇ ಇಲ್ಲ: ಎಲೆ ಸಣ್ಣದು, ದಪ್ಪ, ಕಾಂಡದ ಎದುರುಬದುರಿಗೆ ಜೋಡಿ ಜೋಡಿಯಾಗಿರುತ್ತದೆ, ಕಡುಕಹಿ.

ಎಲ್ಲಿಂದ ಕೊಯ್ಯಬಾರದು

ಗುರುತು ಗೊತ್ತಿದ್ದವರೂ ಎಡವುವುದು ಇಲ್ಲಿ. ಒಂದೆಲಗ ನಿಂತ ನೆಲದಲ್ಲಿ, ನೀರಿನಲ್ಲಿ ಏನಿದೆಯೋ ಅದನ್ನೆಲ್ಲ ಹೀರಿಕೊಳ್ಳುವ ಗಿಡ, ಭಾರ ಲೋಹಗಳನ್ನೂ ಸಹ. ಹೆದ್ದಾರಿಯ ಅಂಚು, ಗ್ಯಾರೇಜಿನ ಹಿಂಭಾಗ, ಊರಿನ ಚರಂಡಿ ಸೇರುವ ಹಳ್ಳದ ದಂಡೆ, ಇಲ್ಲೆಲ್ಲ ಅದು ಹುಲುಸಾಗಿ ಬೆಳೆದಿರುತ್ತದೆ. ಆ ಹಸಿರಿಗೆ ಮರುಳಾಗಬೇಡಿ.

ಅಡಿಕೆ ತೋಟದವರಿಗೆ ಒಂದು ವಿಶೇಷ ಎಚ್ಚರಿಕೆ. ಮಳೆಗಾಲದಲ್ಲಿ ಕೊಳೆರೋಗಕ್ಕೆಂದು ಅಡಿಕೆ ಗೊನೆಗಳಿಗೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮೇಲೆ ಹೊಡೆದ ಆ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಕೆಳಗೆ ತೊಟ್ಟಿಕ್ಕುವುದು ಉದಿಯ ಅಂಚಿನ ಒಂದೆಲಗದ ಮೇಲೇ. ಎಲೆಯ ಮೇಲೆ ನೀಲಿ ಬಿಳುಪಿನ ಕಲೆ ಕಂಡರೆ ಅದೇ. ಮಳೆಗೆ ಕಲೆ ತೊಳೆದುಹೋದರೂ ತಾಮ್ರ ಮಣ್ಣಲ್ಲೇ ಉಳಿಯುತ್ತದೆ, ವರ್ಷದಿಂದ ವರ್ಷಕ್ಕೆ ಸೇರುತ್ತಲೇ ಹೋಗುತ್ತದೆ. ಆದ್ದರಿಂದ ಔಷಧಿ ಹೊಡೆಯುವ ತೋಟದ ನೆಲದ ಸೊಪ್ಪನ್ನು ದಿನವೂ ತಿನ್ನುವ ಉದ್ದೇಶಕ್ಕೆ ಬಳಸಬೇಡಿ.

ಇನ್ನೊಂದು ಎಚ್ಚರಿಕೆ ಗದ್ದೆಯ ಸೊಪ್ಪಿನದು. ದನ, ಎಮ್ಮೆ ಓಡಾಡುವ ಜವುಗಿನಲ್ಲಿ ಪಿತ್ತಜನಕಾಂಗದ (ಯಕೃತ್ತಿನ) ಹುಳದ ಕೋಶಗಳು ನೀರಂಚಿನ ಎಲೆಗಳಿಗೆ ಅಂಟಿಕೊಂಡಿರುತ್ತವೆ. ಹಸಿಯಾಗಿ ತಿಂದರೆ ಅವು ಮನುಷ್ಯರ ಹೊಟ್ಟೆಗೂ ಸೇರಬಲ್ಲವು. ಉಪ್ಪುನೀರಿನಲ್ಲಿ ನೆನೆಸಿದರೆ ಮಣ್ಣು, ಸಣ್ಣ ಹುಳ ಬಿಟ್ಟುಹೋಗುತ್ತವೆ, ಆದರೆ ಈ ಕೋಶ ಬಿಡುವ ಖಾತ್ರಿಯಿಲ್ಲ. ಜವುಗಿನ ಸೊಪ್ಪಾದರೆ ಬೇಯಿಸಿಯೇ ತಿನ್ನಬೇಕು. ಹಸಿ ತಂಬುಳಿಗೂ ರಸಕ್ಕೂ ಮನೆಯಂಗಳದ ಕುಂಡದ ಸೊಪ್ಪೇ ಸರಿ.

ಕುಂಡದಲ್ಲಿ ಬೆಳೆಸುವುದು

ಆಳಕ್ಕಿಂತ ಅಗಲ ಮುಖ್ಯ. ಒಂದಡಿ ಅಗಲ, ಮುಕ್ಕಾಲು ಅಡಿ ಆಳದ ಕುಂಡ ಅಥವಾ ಹಳೆಯ ಬಕೆಟಿನ ಕೆಳಭಾಗ ಸಾಕು. ತಳದಲ್ಲಿ ನೀರು ಬಸಿಯಲು ನಾಲ್ಕು ತೂತು ಇರಲಿ. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಹೊಳೆಮರಳು ಬೆರೆಸಿ ತುಂಬಿ. ಕಾರವಾರ, ಹೊನ್ನಾವರದ ಕರಾವಳಿಯಲ್ಲಿರುವವರು ಸಮುದ್ರದ ದಂಡೆಯ ಮರಳನ್ನು ಹಾಕಬೇಡಿ. ಬೇಸಿಗೆಯಲ್ಲಿ ಬಾವಿನೀರು ಸವುಳಾಗುವ ಕಡೆ ಎಲೆಯಂಚು ಸುಟ್ಟಂತೆ ಕಂದಾಗುತ್ತದೆ. ಅಂಥಲ್ಲಿ ನೀರುಬ್ರಾಹ್ಮಿ ತಾಳಿಕೊಳ್ಳುತ್ತದೆ, ಒಂದೆಲಗಕ್ಕೆ ಸಿಹಿನೀರೇ ಬೇಕು.

ಬೀಜಕ್ಕಾಗಿ ಕಾಯಬೇಡಿ. ಬೇರು ಬಿಟ್ಟ ಗಂಟು, ಅದಕ್ಕೆ ಎರಡು ಎಲೆ ಇರುವಂತೆ ಬಳ್ಳಿಯನ್ನು ತುಂಡು ಮಾಡಿ. ಒಂದು ಕುಂಡಕ್ಕೆ ಐದಾರು ತುಂಡು ಸಾಕು. ಗಂಟನ್ನು ಮಣ್ಣಿಗೆ ಒತ್ತಿ, ಎಲೆಯನ್ನು ಹೂಳಬೇಡಿ. ಮೊದಲ ವಾರ ಪೂರ್ತಿ ನೆರಳು, ಆಮೇಲೆ ಬೆಳಗಿನ ಎರಡು ಮೂರು ತಾಸು ಬಿಸಿಲು. ದಟ್ಟ ನೆರಳಾದರೆ ತೊಟ್ಟು ಉದ್ದ, ಎಲೆ ತೆಳು. ಇಡೀ ದಿನ ಬಿಸಿಲಾದರೆ ಎಲೆ ಸಣ್ಣದಾಗಿ ಹಳದಿಗೆ ತಿರುಗುತ್ತದೆ, ಕಹಿಯೂ ಏರುತ್ತದೆ. ಮಣ್ಣು ಸದಾ ತೇವವಿರಲಿ, ಆದರೆ ಕುಂಡದಲ್ಲಿ ನೀರು ನಿಲ್ಲಬಾರದು.

ಘಟ್ಟದ ಮೇಲಾಗಲಿ ಕೆಳಗಾಗಲಿ ನಮ್ಮ ಜಡಿಮಳೆಯೇ ಇದರ ದೊಡ್ಡ ಪರೀಕ್ಷೆ. ಜೂನ್ ಜುಲೈನಲ್ಲಿ ಮಾಡಿನ ನೀರು ನೇರ ಬೀಳುವ ಕಡೆ ಇಟ್ಟರೆ ಮಣ್ಣು ಸಿಡಿದು ಎಲೆಗೆ ಮೆತ್ತುತ್ತದೆ, ಗಂಟು ಕೊಳೆಯುತ್ತದೆ. ಜಗುಲಿಯ ಅಂಚಿಗೆ ಸರಿಸಿ, ಎರಡು ಕಲ್ಲಿನ ಮೇಲೆ ಎತ್ತರಿಸಿ ಇಡಿ. ಬಸವನಹುಳು ಬರುವುದೂ ಆಗಲೇ. ಸಂಜೆ ಟಾರ್ಚು ಹಿಡಿದು ಹೆಕ್ಕಿ ತೆಗೆಯಿರಿ, ವಿಷದ ಗುಳಿಗೆ ಹಾಕಬೇಡಿ.

ನೆಟ್ಟ ಎರಡು ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು. ಪೂರ್ತಿ ಬಿಚ್ಚಿಕೊಂಡ, ಹೊಳಪು ಆರದ ಎಲೆಯನ್ನು ತೊಟ್ಟಿನ ಸಮೇತ ಕತ್ತರಿಯಲ್ಲಿ ಕತ್ತರಿಸಿ. ಕೈಯಲ್ಲಿ ಎಳೆದರೆ ಗಂಟೇ ಕಿತ್ತು ಬರುತ್ತದೆ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೊಯ್ಯದಿದ್ದರೆ ಮೂರು ನಾಲ್ಕು ವಾರಕ್ಕೆ ಮತ್ತೆ ಸಿದ್ಧ. ಮನೆಯಲ್ಲಿ ನಾಲ್ಕು ಜನ ಇದ್ದರೆ ಮೂರು ನಾಲ್ಕು ಕುಂಡ ಬೇಕಾಗುತ್ತದೆ.

ಮಧ್ಯಾಹ್ನಕ್ಕೆ ತಂಬುಳಿ

ನಾಲ್ವರಿಗೆ 20ರಿಂದ 25 ಎಲೆ, ಅಂದರೆ ಒಂದು ಸಣ್ಣ ಹಿಡಿ. ಎಳೆಯ ತೊಟ್ಟು ಇರಲಿ, ಬಲಿತದ್ದು ನಾರಾಗುತ್ತದೆ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ಹುರಿದು, ಜೀರಿಗೆ ಘಮ ಬಂದಾಗ ಎಲೆ ಹಾಕಿ ಬಾಡಿಸಿ. ಬಣ್ಣ ಕಡುಹಸಿರಿಗೆ ತಿರುಗಿದ ಕೂಡಲೇ, ಅಂದರೆ ಒಂದು ನಿಮಿಷದೊಳಗೆ, ಇಳಿಸಿ. ಆರಿದ ಮೇಲೆ ಕಾಲು ಬಟ್ಟಲು ತೆಂಗಿನಕಾಯಿ ತುರಿ ಸೇರಿಸಿ ನುಣ್ಣಗೆ ರುಬ್ಬಿ, ಎರಡು ಲೋಟ ಸಿಹಿ ಮಜ್ಜಿಗೆ, ಉಪ್ಪು ಬೆರೆಸಿ. ಮೇಲೆ ಸಾಸಿವೆ, ಒಣಮೆಣಸಿನ ಒಗ್ಗರಣೆ.

ಬಿಸಿ ಇರುವಾಗಲೇ ರುಬ್ಬಿ ಮಜ್ಜಿಗೆಗೆ ಹಾಕಿದರೆ ಮಜ್ಜಿಗೆ ಒಡೆಯುತ್ತದೆ. ಮಿಕ್ಸಿಯನ್ನು ಬಿಡದೆ ಓಡಿಸಿದರೆ ಜಾರು ಕಾಯ್ದು ಕಹಿ ಎದ್ದು ಬರುತ್ತದೆ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಹುಳಿ ಮಜ್ಜಿಗೆ ಸೊಪ್ಪಿನ ರುಚಿಯನ್ನು ಮುಚ್ಚುತ್ತದೆ. ಮಾಡಿದ ತಂಬುಳಿಯನ್ನು ಕುದಿಸುವಂತಿಲ್ಲ, ರಾತ್ರಿಗೆ ಉಳಿಸುವಂತೆಯೂ ಇಲ್ಲ. ವಾರಕ್ಕೆ ಎರಡು ಮೂರು ದಿನ ಹೀಗೆ ಊಟದಲ್ಲಿ ಬಂದರೆ ಅದು ಆಹಾರ, ಯಾವ ಲೆಕ್ಕವೂ ಬೇಡ. ಊಟದ ಮೇಲೆ ಅಪ್ಪೆಹುಳಿ (ಮಾವಿನಕಾಯಿಯ ತಿಳಿಸಾರು) ಕುಡಿದು ಒಂದು ಸಣ್ಣ ನಿದ್ದೆ ಮಾಡುವ ಮನೆಗಳಲ್ಲಿ ಅದನ್ನು ಬಿಡಬೇಕಾಗಿಲ್ಲ, ಆದರೆ ರಾತ್ರಿ ನಿದ್ದೆ ಬಾರದವರು ಮಧ್ಯಾಹ್ನದ ನಿದ್ದೆಯನ್ನು 20 ನಿಮಿಷಕ್ಕೆ ನಿಲ್ಲಿಸಿ.

ರಾತ್ರಿಗೆ ಹಾಲು

ಮಲಗುವ ಒಂದು ತಾಸು ಮೊದಲು. 8ರಿಂದ 10 ಎಲೆಯನ್ನು ಹೆಚ್ಚಿ, ಒಂದು ಲೋಟ ಹಾಲು, ಒಂದು ಲೋಟ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಇಡಿ. ನೀರಿನ ಪಾಲು ಆವಿಯಾಗಿ ಒಂದು ಲೋಟಕ್ಕೆ ಇಳಿದಾಗ ಸೋಸಿ. ಬೆಲ್ಲ ಬೇಕಿದ್ದರೆ ಇಳಿಸಿ ಸ್ವಲ್ಪ ಆರಿದ ಮೇಲೆ ಹಾಕಿ, ಕುದಿಯುವಾಗ ಹಾಕಿದರೆ ಹಾಲು ಒಡೆಯುತ್ತದೆ. ಇದು ಒಬ್ಬರಿಗೆ ಒಂದು ಹೊತ್ತಿನ ಪ್ರಮಾಣ. ಹಾಲು ಆಗದವರು ಕುಂಡದ ಸೊಪ್ಪನ್ನು ಅರೆದು ಹಿಂಡಿದ ರಸ ಎರಡು ಚಮಚ, ಅಂದರೆ 10 ಮಿಲಿಲೀಟರ್, ಅರ್ಧ ಚಮಚ ಜೇನಿನ ಜೊತೆ ತೆಗೆದುಕೊಳ್ಳಬಹುದು. ರಸ ಆಗಾಗಲೇ ಹಿಂಡಿದ್ದಾಗಬೇಕು.

ತೋಟದಲ್ಲಿ ಜಾಯಿಕಾಯಿ ಇರುವವರು ಈ ಹಾಲಿಗೆ ಅದನ್ನೂ ತೇಯ್ದು ಹಾಕುವುದುಂಟು. ಒಂದು ಸಣ್ಣ ಚಿಟಿಕೆಗಿಂತ ಮೇಲೆ ಹೋಗಬೇಡಿ. ಒಂದು ಇಡೀ ಕಾಯಿಯಷ್ಟು ಹೊಟ್ಟೆಗೆ ಹೋದರೆ ವಾಂತಿ, ಎದೆಬಡಿತ, ಭ್ರಮೆ ಎಲ್ಲ ಆಗುತ್ತವೆ. ಹಸುಗೂಸುಗಳಿಗೆ ನಿದ್ದೆ ಬರಲೆಂದು ತೇಯ್ದು ನೆಕ್ಕಿಸುವುದಂತೂ ಬೇಡವೇ ಬೇಡ.

ಸಂಜೆ ಐದರ ನಂತರದ ಚಹಾ, ಊಟದ ಮೇಲಿನ ಕವಳ (ತಂಬಾಕು ಸೇರಿಸಿದ ಎಲೆ ಅಡಿಕೆ) ಹಾಗೇ ಮುಂದುವರಿದರೆ ಈ ಹಾಲಿನಿಂದ ಏನೂ ಆಗದು. ತಂಬಾಕಿನ ನಿಕೋಟಿನ್, ಅಡಿಕೆಯ ಅರೆಕೋಲಿನ್ ಎರಡೂ ಮೈಯನ್ನು ಎಚ್ಚರದಲ್ಲಿಡುವ ವಸ್ತುಗಳು. ರಾತ್ರಿ ಒಂಬತ್ತಕ್ಕೆ ಕವಳ ಹಾಕಿ ಹತ್ತಕ್ಕೆ ನಿದ್ದೆ ಬರಲಿಲ್ಲ ಎಂದರೆ ಸೊಪ್ಪಿನ ತಪ್ಪಲ್ಲ.

ಎಷ್ಟು ದಿನ, ಯಾರಿಗೆ ಬೇಡ

ರಾತ್ರಿಯ ಹಾಲನ್ನಾಗಲಿ ರಸವನ್ನಾಗಲಿ ಸತತ ಆರು ವಾರಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ. ಎರಡು ವಾರ ಬಿಡುವು ಕೊಟ್ಟು ನಂತರ ಯೋಚಿಸಿ. ಗೋಡೆಯ ಕ್ಯಾಲೆಂಡರಿನಲ್ಲಿ ಶುರು ಮಾಡಿದ ದಿನಕ್ಕೆ ಗುರುತು ಹಾಕಿದರೆ ಮರೆಯುವುದಿಲ್ಲ. ಒಂದೆಲಗದ ಮಾತ್ರೆ ಕೆಲವು ವಾರ ನುಂಗಿದವರಲ್ಲಿ ಯಕೃತ್ತಿಗೆ ಉರಿಯೂತ ಬಂದು ಕಾಮಾಲೆಯಾದ ಪ್ರಕರಣಗಳು 2005ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿವೆ. ಮೂತ್ರ ಕಡುಹಳದಿ, ಕಣ್ಣು ಹಳದಿ, ಊಟ ಸೇರದಿರುವುದು, ಮೈತುರಿಕೆ ಕಂಡರೆ ಆ ಕ್ಷಣವೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮೊದಲೇ ಯಕೃತ್ತಿನ ತೊಂದರೆ ಇರುವವರು, ಬಸುರಿಯರು, ಮೊಲೆಯುಣಿಸುವ ತಾಯಂದಿರು ಔಷಧಿಯ ಪ್ರಮಾಣದಲ್ಲಿ ಬಳಸಬಾರದು. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಶುರು ಮಾಡಿ.

ತಳಮಳಕ್ಕೋ ನಿದ್ದೆಗೋ ವೈದ್ಯರು ಬರೆದುಕೊಟ್ಟ ಮಾತ್ರೆ ಈಗಾಗಲೇ ನಡೆಯುತ್ತಿದ್ದರೆ ಅದನ್ನು ಬಿಟ್ಟು ಒಂದೆಲಗಕ್ಕೆ ಬರಬೇಡಿ, ಎರಡನ್ನೂ ಸೇರಿಸಲೂ ಬೇಡಿ. ಆಲ್ಪ್ರಜೋಲಾಮ್, ಕ್ಲೋನಾಜಿಪಾಮ್‌ನಂಥ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಮೊದಲಿಗಿಂತ ಕೆಡುತ್ತದೆ, ಕೈ ನಡುಗುತ್ತದೆ, ಫಿಟ್ಸ್ ಕೂಡ ಬರಬಹುದು. ಅದನ್ನು ಕಡಿಮೆ ಮಾಡುವ ಕ್ರಮವೇ ಬೇರೆ, ಬರೆದುಕೊಟ್ಟವರೇ ಹೇಳಬೇಕು.

ಕಾಡಂಚಿನ ಊರುಗಳಲ್ಲಿ ನಿದ್ದೆಗೆಂದು ಸರ್ಪಗಂಧಿಯ ಬೇರು ತೇಯ್ದು ಕುಡಿಯುವವರು ಇದ್ದಾರೆ. ಅದರ ಶಕ್ತಿ ಸುಳ್ಳಲ್ಲ, ಅದೇ ಅಪಾಯ. ಆ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರಿಸರ್ಪಿನ್ ರಕ್ತದೊತ್ತಡವನ್ನು ಇಳಿಸುವ, ಮನಸ್ಸನ್ನು ಖಿನ್ನತೆಗೆ ನೂಕಬಲ್ಲ ಔಷಧ. ಬೇರಿನಿಂದ ಬೇರಿಗೆ ಅದರ ಪ್ರಮಾಣ ಬೇರೆ ಇರುವುದರಿಂದ ಮನೆಯಲ್ಲಿ ಅಳೆಯುವ ದಾರಿಯಿಲ್ಲ. ಬೇರು ಕಿತ್ತರೆ ಗಿಡವೂ ಹೋಯಿತು. ಕಾಡಿನಲ್ಲಿ ಅದು ಈಗಲೇ ಅಪರೂಪ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟಿದ್ದರೆ, ಗೊರಕೆಯ ನಡುವೆ ಉಸಿರು ನಿಂತಂತಾಗುತ್ತಿದ್ದರೆ, ಬೆಳಗಿನ ಜಾವ ಎಚ್ಚರವಾಗಿ ಬದುಕೇ ಬೇಡ ಅನ್ನಿಸುತ್ತಿದ್ದರೆ ಅದು ಸೊಪ್ಪಿನ ಕೆಲಸ ಅಲ್ಲ. ಸರಕಾರದ ಟೆಲಿ ಮನಸ್ ಸಂಖ್ಯೆ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರ ಎದುರು ಹೇಳಲಾಗದ್ದನ್ನು ಅಲ್ಲಿ ಹೇಳಬಹುದು.

ನೆತ್ತಿಗೆ ಎಣ್ಣೆ

ಎಣ್ಣೆಯ ಹದ ಕಲಿಯಲು ತುಸು ತಾಳ್ಮೆ ಬೇಕು. ಗಾಣದ ಕೊಬ್ಬರಿ ಎಣ್ಣೆ ಕಾಲು ಲೀಟರ್. ಒಂದೆಲಗವನ್ನು ತೊಟ್ಟಿನ ಸಮೇತ ನೀರು ಹಾಕಿ ರುಬ್ಬಿ ಸೋಸಿದ ರಸ ಒಂದು ಲೀಟರ್, ಅದಕ್ಕೆ ಅರ್ಧ ಕೆಜಿ ಸೊಪ್ಪಾದರೂ ಬೇಕು. ಇದರ ಹೊರತಾಗಿ, ನೀರು ಹಾಕದೆ ಅರೆದ ಸೊಪ್ಪಿನ ಮುದ್ದೆ 30 ಗ್ರಾಂ, ಇದೇ ಕಲ್ಕ. ಎಣ್ಣೆಗೆ ನಾಲ್ಕು ಪಟ್ಟು ರಸ, ಎಂಟರಲ್ಲಿ ಒಂದು ಪಾಲು ಕಲ್ಕ ಎಂಬುದು ಆಯುರ್ವೇದದ ಲೆಕ್ಕ.

ದಪ್ಪ ತಳದ ಉರುಳಿ ಅಥವಾ ಸ್ಟೀಲ್ ಪಾತ್ರೆ ಇಡಿ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಕೊನೆಯಲ್ಲಿ ನೊರೆ ಉಕ್ಕುತ್ತದೆ. ಮೂರನ್ನೂ ಒಟ್ಟಿಗೆ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ, ಮರದ ಸೌಟಿನಿಂದ ತಳ ಕೆದಕುತ್ತಿರಿ. ಎರಡು ಮೂರು ತಾಸು ಹಿಡಿಯುತ್ತದೆ. ಮೊದಲು ನೀರಿನ ದೊಡ್ಡ ಗುಳ್ಳೆಗಳು. ನೀರು ಇಂಗುತ್ತ ಬಂದಂತೆ ಕಲ್ಕ ತಳಕ್ಕೆ ಕೆಸರಿನಂತೆ ಕೂರುತ್ತದೆ. ಆಮೇಲೆ ಎಣ್ಣೆಯ ಮೇಲೆ ಸಣ್ಣ, ಬಿಳಿಯ ನೊರೆ ಹರಡುತ್ತದೆ. ಇಲ್ಲಿಂದ ಮುಂದೆ ಒಲೆಯ ಬುಡ ಬಿಟ್ಟು ಏಳಬೇಡಿ.

ಸೌಟಿನ ತುದಿಯಲ್ಲಿ ಚೂರು ಕಲ್ಕ ತೆಗೆದು, ಕೈ ಸುಡದಷ್ಟು ಆರಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆಯಿರಿ. ಬೆರಳಿಗೆ ಮೆತ್ತಿದರೆ ಇನ್ನೂ ನೀರಿದೆ. ಅಂಟದೆ ಬತ್ತಿಯಂತೆ ಸುರುಳಿಯಾದರೆ ಹದ ಬಂತು. ಆ ಬತ್ತಿಯನ್ನು ಉರಿಗೆ ಹಿಡಿದು ನೋಡಿ. ಚಟಚಟ ಅಂದರೆ ತೇವ ಉಳಿದಿದೆ, ಇನ್ನೈದು ನಿಮಿಷ ಬೇಕು. ಸದ್ದಿಲ್ಲದೆ ಉರಿದರೆ ಕೂಡಲೇ ಇಳಿಸಿ. ಇನ್ನೂ ಬಿಟ್ಟರೆ ಕಲ್ಕ ಮರಳು ಮರಳಾಗಿ ಕಪ್ಪಾಗುತ್ತದೆ, ಎಣ್ಣೆಗೆ ಸುಟ್ಟ ವಾಸನೆ ಹತ್ತುತ್ತದೆ. ಬೇಗ ಇಳಿಸಿದರೆ ತೇವ ಉಳಿದು ಮಳೆಗಾಲದಲ್ಲಿ ಹದಿನೈದು ದಿನಕ್ಕೇ ಕಮಟುತ್ತದೆ. ಬೆಚ್ಚಗಿರುವಾಗಲೇ ಒಣ ಬಟ್ಟೆಯಲ್ಲಿ ಸೋಸಿ, ಪೂರ್ತಿ ಒಣಗಿದ ಗಾಜಿನ ಶೀಸೆಗೆ ತುಂಬಿ, ದಿನಾಂಕ ಬರೆದಿಡಿ.

ಮಲಗುವ ಒಂದು ತಾಸು ಮುಂಚೆ ಒಂದೆರಡು ಚಮಚ ಎಣ್ಣೆಯನ್ನು ಬೆಚ್ಚಗೆ ಮಾಡಿ ನೆತ್ತಿಗೆ, ಅಂಗಾಲಿಗೆ ಹತ್ತು ನಿಮಿಷ ಅವಸರವಿಲ್ಲದೆ ತಿಕ್ಕಿ. ಹಿತ ಕೊಡುವುದರಲ್ಲಿ ಎಣ್ಣೆಯಷ್ಟೇ ಪಾಲು ಆ ತಿಕ್ಕುವ ಕೈಗೂ ಇದೆ. ಮನೆಯಲ್ಲಿ ಯಾರಾದರೂ ತಿಕ್ಕಿಕೊಟ್ಟರೆ ಇನ್ನೂ ಒಳ್ಳೆಯದು. ಶೀತ, ಮೂಗುಕಟ್ಟು ಇರುವವರು ನೆತ್ತಿ ಬಿಟ್ಟು ಅಂಗಾಲಿಗಷ್ಟೇ ಹಚ್ಚಿ, ಹಚ್ಚಿದ ಮೇಲೆ ಸಿಮೆಂಟು ನೆಲದಲ್ಲಿ ಜಾರದಂತೆ ನೋಡಿಕೊಳ್ಳಿ. ಮೊದಲ ಸಲ ಮೊಣಕೈಯ ಒಳಬದಿಗೆ ಹನಿ ಹಚ್ಚಿ ಒಂದು ದಿನ ಕಾಯಿರಿ, ಕೆಲವರ ಚರ್ಮಕ್ಕೆ ಒಂದೆಲಗ ಒಗ್ಗುವುದಿಲ್ಲ. ಬೆಳಿಗ್ಗೆ ತೊಳೆಯಲು ಸೀಗೆ ಅಥವಾ ದಾಸವಾಳದ ಎಲೆಯ ಲೋಳೆ ಸಾಕು.

ಡಿಸೆಂಬರಿನ ಚಳಿಗೆ ಶಿರಸಿ ಕಡೆ ಎಣ್ಣೆ ಹೆಪ್ಪುಗಟ್ಟುತ್ತದೆ. ಶೀಸೆಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಒಲೆಯ ಮೇಲೆ ನೇರ ಇಡಬೇಡಿ. ಒದ್ದೆ ಚಮಚ ಅದ್ದದಿದ್ದರೆ ಆರು ತಿಂಗಳು ಚೆನ್ನಾಗಿರುತ್ತದೆ. ಮುಚ್ಚಳ ತೆಗೆದಾಗ ಕಮಟು ವಾಸನೆ ಬಂದರೆ ತಲೆಗೆ ಬೇಡ, ದೀಪಕ್ಕೆ ಹಾಕಿ ಮುಗಿಸಿ.